ಗುಂಡಿಯ ಮೇಲಿನ ಬೆರಳು

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿದ ನಾನು ಈ ಹೊತ್ತು ಅಡುಗೆಮನೆಯ ವಿದ್ಯುತ್ ಉಪಕರಣವೊಂದರ ವಿಷಯವಾಗಿ ಮಾತನಾಡಲು ಕುಳಿತಿರುವುದು ಕೇಳುಗರಲ್ಲಿ ಕೆಲವರಿಗಾದರೂ ವಿಚಿತ್ರವಾಗಿ ತೋರಬಹುದು. ಯಂತ್ರಶಾಸ್ತ್ರ ನನ್ನ ವ್ಯಾಸಂಗದ ವಿಷಯವಲ್ಲ. ಪಾಕಶಾಸ್ತ್ರದಲ್ಲಿ ನನ್ನ ಪರಿಶ್ರಮ ಕಾಫಿಯ ಡಿಕಾಕ್ಷನ್ನಿನಿಂದ ಮುಂದಕ್ಕೆ ಹೋದದ್ದಿಲ್ಲ. ಆದರೂ ಒಂದು ಪದ ನನ್ನನ್ನು ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋಯಿತು. ‘ಆಕಸ್ಮಿಕ’ ಎಂಬುದು ಆ ಪದ.

ಸಂಸ್ಕೃತದಲ್ಲಿ ‘ಕಸ್ಮಾತ್’ ಎಂದರೆ ಯಾವುದರಿಂದ, ಯಾವ ಕಾರಣದಿಂದ ಎಂದರ್ಥ. ಪಂಚಮೀ ವಿಭಕ್ತಿಯ ರೂಪ ಅದು. ಅದರ ಆದಿಯಲ್ಲಿ ನಿಷೇಧದ ಅಕಾರವೊಂದು ಸೇರಿತೆಂದರೆ ‘ಅಕಸ್ಮಾತ್’, ಎಂದರೆ ಕಾರಣವಿಲ್ಲದೆ. ಅದರಿಂದ ಹುಟ್ಟಿದ್ದು ‘ಆಕಸ್ಮಿಕ’. ಹೀಗಾಗಿ ಒಂದು ಅವಘಡವನ್ನು ಆಕಸ್ಮಿಕವೆಂದು ಕರೆದೊಡನೆಯೇ ಅದಕ್ಕೆ ಕಾರಣವಿಲ್ಲವೆಂಬ ತೀರ್ಪನ್ನು ನಾವು ಕೊಟ್ಟುಬಿಟ್ಟಿರುತ್ತೇವೆ. ಈ ತೀರ್ಪನ್ನು ನಾನೂ ಬಹುಕಾಲ ಪ್ರಶ್ನಿಸದೆ ಒಪ್ಪಿಕೊಂಡು ಬಂದವನೇ.

ಎರಡು ವರ್ಷದ ಕೆಳಗೆ, ಮಾವಿನ ಕಾಲ. ಮೊಮ್ಮಕ್ಕಳು ಬಂದಿದ್ದರು. ನನ್ನ ಹೆಂಡತಿ ಸೀಕರಣೆ ಮಾಡುತ್ತಿದ್ದಳು. ಅಂಗಡಿಯವರು ಹ್ಯಾಂಡ್ ಬ್ಲೆಂಡರ್ ಎನ್ನುವ, ನಮ್ಮ ಮನೆಯಲ್ಲಿ ಕರೆಂಟು ಕಡೆಗೋಲು ಎಂದು ಕರೆಯುವ ಉಪಕರಣ ಅವಳ ಕೈಯಲ್ಲಿತ್ತು. ಹಣ್ಣು ನಾರಿನದು. ನಾರು ಅಲಗಿಗೆ ಸುತ್ತಿಕೊಂಡು ಯಂತ್ರ ಮುಲುಕತೊಡಗಿತು. ಆಕೆ ಗುಂಡಿಯಿಂದ ಬೆರಳು ತೆಗೆದು, ಕೋಲನ್ನು ಪಾತ್ರೆಯಿಂದ ಎತ್ತಿ ಮಗುಚಿ ಹಿಡಿದು, ಎಡಗೈಯ ತೋರುಬೆರಳಿನಿಂದ ನಾರನ್ನು ಬಿಡಿಸಹೋದಳು. ಅದೇ ಕ್ಷಣಕ್ಕೆ ಒಲೆಯ ಮೇಲಿನ ಕುಕ್ಕರು ಕೂಗಿತು. ಬೆಚ್ಚಿದ ಬಲಗೈ ಹಿಡಿಯನ್ನು ಬಿಗಿಯಾಗಿ ಅಮುಕಿತು; ಹಿಡಿಯ ಮೇಲೆ ಉಬ್ಬಿಕೊಂಡಿದ್ದ ಗುಂಡಿ ಆ ಮುಷ್ಟಿಯೊಳಗೆ ಸಿಕ್ಕಿತು. ಮುಂದಿನದನ್ನು ವರ್ಣಿಸುವುದು ಬೇಡ. ಹೊಲಿಗೆ ಹಾಕಿದರು, ಗಾಯ ಮಾಯಿತು. ಬೆರಳ ತುದಿಗೆ ಸ್ಪರ್ಶಜ್ಞಾನ ಮಾತ್ರ ಪೂರ್ತಿಯಾಗಿ ಹಿಂತಿರುಗಲಿಲ್ಲ. ಮಲ್ಲಿಗೆ ಕಟ್ಟುವಾಗ ತೊಟ್ಟುಗಳನ್ನು ಒತ್ತಿ ಹಿಡಿಯುವುದು ಅವಳ ಎಡಗೈಯ ಹೆಬ್ಬೆರಳು ತೋರುಬೆರಳುಗಳೇ. ಕತ್ತಲಲ್ಲಿ ಕುಳಿತೂ ಮೊಳಗಟ್ಟಲೆ ಹೂ ಕಟ್ಟುತ್ತಿದ್ದವಳು ಈಗ ದಾರ ಎಲ್ಲಿದೆಯೆಂದು ಕಣ್ಣಿನಿಂದ ನೋಡಿಕೊಳ್ಳಬೇಕಾಗಿದೆ.

ನೋಡಲು ಬಂದ ನೆಂಟರು ಗ್ರಹಚಾರವೆಂದರು. ನಾನು ವಿದ್ಯಾವಂತನಲ್ಲವೆ, ಗ್ರಹಗಳನ್ನು ಅವುಗಳ ಪಾಡಿಗೆ ಬಿಟ್ಟು, “ಪ್ಲಗ್ಗು ಕೀಳಬಾರದಿತ್ತೇ? ಅಷ್ಟೂ ಎಚ್ಚರ ಬೇಡವೇ?” ಎಂದೆ. ಪಟ್ಟಿ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಆಕೆ, “ಎಚ್ಚರವಾಗಿರುವುದೆಲ್ಲ ನನ್ನ ಕೆಲಸ. ಆ ಯಂತ್ರಕ್ಕೇನೂ ಕೆಲಸವಿಲ್ಲವೇನ್ರೀ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಈ ಭಾಷಣ ಆ ಪ್ರಶ್ನೆಯ ಬೆನ್ನು ಹಿಡಿದು ನಾನು ತಿಳಿದುಕೊಂಡದ್ದರ ಒಂದು ವರದಿ.

ಕಡೆಗೋಲಿನಿಂದಲೇ ಆರಂಭಿಸುತ್ತೇನೆ. ‘ಕಡೆ’ ಎಂಬ ಧಾತುವಿಗೆ ‘ಕೋಲು’ ಸೇರಿ, ಕಕಾರಕ್ಕೆ ಗಕಾರ ಆದೇಶವಾಗಿ ಬಂದ ಪದ ಇದು. ವಿದ್ಯಾರ್ಥಿಗಳಿಗೆ ಸಂಧಿಯ ಉದಾಹರಣೆಯಾಗಿ ಎಷ್ಟು ಸಲ ಹೇಳಿದ್ದೇನೋ! ವಸ್ತುವನ್ನು ಮಾತ್ರ ಗಮನವಿಟ್ಟು ನೋಡಿರಲಿಲ್ಲ. ಮೊಸರಿನ ಗಡಿಗೆಯಲ್ಲಿ ನಿಲ್ಲಿಸಿದ ಕೋಲು, ಅದಕ್ಕೆ ಸುತ್ತಿದ ಹಗ್ಗ, ಹಗ್ಗದ ಎರಡು ತುದಿಗಳು ಎರಡು ಕೈಗಳಲ್ಲಿ. ಉಡುಪಿಯ ಕೃಷ್ಣನನ್ನು ಕಂಡವರು ನೆನಪಿಸಿಕೊಳ್ಳಬಹುದು: ಒಂದು ಕೈಯಲ್ಲಿ ಕಡೆಗೋಲು, ಇನ್ನೊಂದರಲ್ಲಿ ಹಗ್ಗ. ಬೆಣ್ಣೆಯ ಕಳ್ಳನಿಗೂ ಅಲ್ಲಿ ಬಿಡುವಾದ ಕೈ ಉಳಿದಿಲ್ಲ. ಹೀಗೆ ಕಡೆಯುವವರ ಎರಡೂ ಕೈಗಳು ಕೆಲಸದಲ್ಲಿ ತೊಡಗಿದ್ದರೆ ಮಾತ್ರ ಕೋಲು ತಿರುಗುತ್ತದೆ. ಒಂದು ಕೈ ಬಿಟ್ಟಿತೆಂದರೆ ಕೋಲು ನಿಂತಿತು. ಗಡಿಗೆಯೊಳಗೆ ಬೆರಳು ಹಾಕಬೇಕಾದರೆ ಮೊದಲು ಹಗ್ಗ ಬಿಡಬೇಕು, ಹಗ್ಗ ಬಿಟ್ಟರೆ ಅಪಾಯವೇ ಇಲ್ಲ. ಹಳೆಯ ಉಪಕರಣಗಳೆಲ್ಲ ಸಾಧುಗಳೆಂದು ನಾನು ಹೇಳುತ್ತಿಲ್ಲ. ಈಳಿಗೆಮಣೆ ಎಷ್ಟೋ ಬೆರಳುಗಳನ್ನು ಕೊಯ್ದಿದೆ. ಒರಳಿನ ಗುಂಡಿನ ಕೆಳಗೆ ಉಗುರು ಜಜ್ಜಿಸಿಕೊಳ್ಳದ ಅಜ್ಜಿಯರು ಕಡಿಮೆ. ಆದರೆ ಅವುಗಳಲ್ಲಿ ಯಾವುದೂ ತಾನಾಗಿ ಹೊರಟದ್ದಿಲ್ಲ. ಹೊರಡಿಸಲು ತೋಳಿನ ಬಲ ಬೇಕಾಗಿತ್ತು; ಆ ಶ್ರಮವೇ ಕಾವಲಾಗಿತ್ತು.

1950ರಲ್ಲಿ ಸ್ವಿಟ್ಜರ್ಲೆಂಡಿನ ರೋಜೆ ಪೆರಿಂಜಾಕೆ ಎಂಬಾತ ಹೊಸ ಬಗೆಯ ಕಡೆಗೋಲೊಂದಕ್ಕೆ ಪೇಟೆಂಟ್ ಪಡೆದ. ಕೈಯಲ್ಲಿ ಹಿಡಿಯುವ ಭಾಗದಲ್ಲಿಯೇ ಮೋಟಾರು, ಕೆಳತುದಿಯಲ್ಲಿ ಪುಟ್ಟ ಅಲಗು, ಪಾತ್ರೆಯಲ್ಲಿ ಅದ್ದಿದರಾಯಿತು. ಫ್ರೆಂಚಿನಲ್ಲಿ ಬಡಿಯುತ್ತದೆ, ಬೆರೆಸುತ್ತದೆ ಎಂಬ ಎರಡು ಕ್ರಿಯಾಪದಗಳನ್ನು ಕೂಡಿಸಿ ಅದಕ್ಕೆ ‘ಬಾಮಿಕ್ಸ್’ ಎಂದು ಹೆಸರಿಟ್ಟರು. ಇಂದು ನಾನಾ ದೇಶಗಳಲ್ಲಿ ನಾನಾ ಹೆಸರಿನಿಂದ ಮಾರಾಟವಾಗುವ ಹ್ಯಾಂಡ್ ಬ್ಲೆಂಡರುಗಳಿಗೆಲ್ಲ ಅದೇ ಮೂಲಪುರುಷ. ಸಾರಿನ ಬೇಳೆ ಕಡೆಯಲು, ಮಜ್ಜಿಗೆ ಮಾಡಲು ನಮ್ಮ ಮನೆಗಳಿಗೂ ಅದು ಬಂದು ಸೇರಿತು. ಎಂಥ ಅನುಕೂಲವೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಈ ಬದಲಾವಣೆಯಲ್ಲಿ ಎರಡು ಸಂಗತಿಗಳು ಸದ್ದಿಲ್ಲದೆ ನಡೆದುಹೋದವು. ಬಲ ತೋಳನ್ನು ಬಿಟ್ಟು ತಂತಿಗೆ ಹೋಯಿತು. ಎರಡು ಕೈಗಳ ಕೆಲಸ ಒಂದೇ ಕೈಯ ಒಂದೇ ಬೆರಳಿನ ಪಾಲಿಗೆ ಬಂತು. ಇನ್ನೊಂದು ಕೈಗೆ ಬಿಡುವಾಯಿತು. ಬಿಡುವಾದ ಕೈ ಸುಮ್ಮನಿರುವುದಿಲ್ಲ. ಅಂಟಿದ್ದನ್ನು ಕೆರೆಯಲು, ಸಿಕ್ಕಿದ್ದನ್ನು ಬಿಡಿಸಲು ಅಲಗಿನತ್ತಲೇ ಹೋಗುತ್ತದೆ.

ಕೈಯ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ ವೈದ್ಯಪತ್ರಿಕೆಗಳಲ್ಲಿ ಈ ಉಪಕರಣದಿಂದಾದ ಗಾಯಗಳ ವರದಿಗಳು ಬಂದಿವೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಕಥೆ ಒಂದೇ: ಪ್ಲಗ್ಗು ಸಿಕ್ಕಿಸಿದಂತೆಯೇ ಇದೆ, ಒಂದು ಕೈ ಹಿಡಿಯ ಮೇಲಿದೆ, ಇನ್ನೊಂದು ಕೈಯ ತೋರುಬೆರಳು ಅಲಗನ್ನು ಶುಚಿಮಾಡುತ್ತಿದೆ. ಒಬ್ಬರನ್ನೊಬ್ಬರು ಎಂದೂ ಕಾಣದ ಜನ, ಬೇರೆ ಬೇರೆ ಅಡುಗೆಯ ನಡುವೆ, ಒಂದೇ ರೀತಿಯಲ್ಲಿ ಒಂದೇ ಬೆರಳನ್ನು ಗಾಯಮಾಡಿಕೊಂಡರೆ ಅದಕ್ಕೆ ಕಾರಣವಿಲ್ಲವೆನ್ನುವುದು ಹೇಗೆ? ವ್ಯಾಕರಣದ ದೃಷ್ಟಿಯಿಂದಲೇ ಅದನ್ನು ಆಕಸ್ಮಿಕವೆನ್ನಲು ಬರುವುದಿಲ್ಲ.

ಎಚ್ಚರ ಎಂಬ ಉಪದೇಶ ಇಲ್ಲಿ ಎಷ್ಟು ದೂರ ಬಂದೀತು ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಇಂತಹ ಅಲಗು ಖಾಲಿಯಾಗಿ ತಿರುಗುವಾಗ ನಿಮಿಷಕ್ಕೆ 10,000 ಸುತ್ತು ಬರುವುದು ಅಸಾಮಾನ್ಯವಲ್ಲ. ಏನೋ ಆಯಿತೆಂದು ತಿಳಿದು ಕೈ ಹಿಂದೆಗೆಯಲು ಮನುಷ್ಯನಿಗೆ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಅಲಗು 33 ಸುತ್ತು ಸುತ್ತಿರುತ್ತದೆ. ಅದಕ್ಕೆ ಎರಡು ರೆಕ್ಕೆಗಳಿರುವುದರಿಂದ ಏಟುಗಳು ಅದರ ಎರಡರಷ್ಟು. ವೇಗ ಏರುವ ಮೊದಲ ಕ್ಷಣಗಳನ್ನು ಕಳೆದರೂ ಲೆಕ್ಕ ನಮ್ಮ ಪರವಾಗಿ ತಿರುಗುವುದಿಲ್ಲ. ಅಲಗು ಹೊರಟ ಮೇಲೆ ಎಚ್ಚರಕ್ಕೆ ಮಾಡಲು ಏನೂ ಉಳಿದಿಲ್ಲ. ಅಲಗಿನ ಸುತ್ತ ಗಂಟೆಯಾಕಾರದ ಒಂದು ತೊಡಿಗೆ ಇರುತ್ತದೆಂಬುದು ನಿಜ. ಆದರೆ ನಾರು ಸಿಕ್ಕಿಕೊಳ್ಳುವುದು ಆ ಗಂಟೆಯ ಒಳಗೇ, ಬೆರಳು ಹೋಗುವುದೂ ಅಲ್ಲಿಗೇ. ಆದ್ದರಿಂದ ತಡೆ ಇರಬೇಕಾದದ್ದು ಹೊರಡುವುದಕ್ಕೆ ಮುಂಚೆ, ಗುಂಡಿಯ ಬಳಿಯಲ್ಲಿ.

ಇಲ್ಲಿ ಜಪಾನಿನ ಒಂದು ಪ್ರಸಂಗ ನೆನಪಿಗೆ ಬರುತ್ತದೆ. ಶಿಗೆಯೊ ಶಿಂಗೊ ಎಂಬ ಎಂಜಿನಿಯರರು 1960ರ ದಶಕದಲ್ಲಿ ಅಲ್ಲಿಯ ಕಾರ್ಖಾನೆಗಳಲ್ಲಿ ಕೆಲಸಗಾರರ ಕೈ ತಪ್ಪದಂತೆ ತಡೆಯುವ ಸಣ್ಣಪುಟ್ಟ ಸಾಧನಗಳನ್ನು ಅಳವಡಿಸುತ್ತಿದ್ದರು. ಅವುಗಳಿಗೆ ಮೊದಲಿದ್ದ ಹೆಸರು ‘ಬಾಕಾ ಯೋಕೆ’. ಬಾಕಾ ಎಂದರೆ ಮೂರ್ಖ; ಮೂರ್ಖರಿಂದ ಆಗುವ ಕೇಡನ್ನು ತಡೆಯುವುದು ಎಂದು ತಾತ್ಪರ್ಯ. 1963ರಲ್ಲಿ ಕಾರ್ಖಾನೆಯೊಂದರಲ್ಲಿ ಇಂತಹ ಸಾಧನವನ್ನು ಜೋಡಿಸಿದಾಗ ಅಲ್ಲಿದ್ದ ಕೆಲಸದ ಹೆಣ್ಣುಮಗಳೊಬ್ಬಳು, ತಾನು ಅಷ್ಟು ಮೂರ್ಖಳೇ ಎಂದು ಅತ್ತುಬಿಟ್ಟಳಂತೆ. ಶಿಂಗೊ ಹೆಸರನ್ನು ಬದಲಾಯಿಸಿದರು: ‘ಪೋಕಾ ಯೋಕೆ’, ಎಂದರೆ ಅರಿಯದೆ ಆಗುವ ತಪ್ಪನ್ನು ತಡೆಯುವುದು. ಒಂದೇ ಒಂದು ಅಕ್ಷರ ಪಲ್ಲಟವಾಯಿತು. ಅಪರಾಧಿಯ ಸ್ಥಾನದಿಂದ ಮನುಷ್ಯನನ್ನು ಇಳಿಸಿದಂತಾಯಿತು. ನಾನು ಆಸ್ಪತ್ರೆಯಿಂದ ಬಂದ ಹೆಂಡತಿಗೆ ಆಡಿದ ಮಾತು ಬಾಕಾ ಪಕ್ಷದ್ದು. ಅದನ್ನು ಓದಿದ ದಿನ ನನಗೆ ನಾಚಿಕೆಯಾಯಿತೆಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ಈಗ ಗುಂಡಿಯ ವಿಚಾರ. ಸರಳವಾದ ಏರ್ಪಾಡು ಎಂದರೆ ಒತ್ತಿ ಹಿಡಿದಿರುವವರೆಗೆ ಮಾತ್ರ ಓಡುವ ಗುಂಡಿ. ಅದರ ಕೆಳಗೆ ಒಂದು ಸ್ಪ್ರಿಂಗು. ಬೆರಳು ತೆಗೆದೊಡನೆ ಅದು ಗುಂಡಿಯನ್ನು ಮೇಲಕ್ಕೆ ನೂಕಿ ವಿದ್ಯುತ್ತಿನ ದಾರಿಯನ್ನು ಕಡಿದುಹಾಕುತ್ತದೆ. ಗೋಡೆಯ ದೀಪದ ಸ್ವಿಚ್ಚು ನಾವು ಹೇಳಿದ್ದನ್ನು ನೆನಪಿಟ್ಟುಕೊಳ್ಳುತ್ತದೆ, ಇದು ನೆನಪಿಟ್ಟುಕೊಳ್ಳುವುದಿಲ್ಲ. ಕ್ಷಣಕ್ಷಣಕ್ಕೂ ಅಪ್ಪಣೆ ಬೇಡುತ್ತದೆ. ಈ ಮರೆವು ಎಷ್ಟು ದೊಡ್ಡ ಗುಣವೆಂಬುದು ಕರೆಂಟು ಹೋಗಿಬರುವುದನ್ನು ಕಂಡುಂಡ ನಮ್ಮ ನಾಡಿನವರಿಗೆ ತಿಳಿಯಬೇಕು. ಕೇಕಿನ ಹಿಟ್ಟು ಕಲಸುವ ಹ್ಯಾಂಡ್ ಮಿಕ್ಸರುಗಳಲ್ಲಿ ಹಲವಕ್ಕೆ ಸರಿಸಿದ ಕಡೆಯಲ್ಲೇ ನಿಲ್ಲುವ ಸ್ವಿಚ್ಚಿರುತ್ತದೆ. ಓಡುತ್ತಿರುವಾಗ ಕರೆಂಟು ಹೋಯಿತೆನ್ನೋಣ. ಸ್ವಿಚ್ಚನ್ನು ಸೊನ್ನೆಗೆ ತಾರದೆ ಕಡ್ಡಿಗಳಿಗೆ ಅಂಟಿದ ಹಿಟ್ಟನ್ನು ಬಳಿಯಲು ಕುಳಿತರೆ, ಕರೆಂಟು ಬಂದ ಕ್ಷಣದಲ್ಲಿ ಯಂತ್ರ ಯಾರನ್ನೂ ಕೇಳದೆ ಹೊರಡುತ್ತದೆ. ಕಾರ್ಖಾನೆಯ ಯಂತ್ರಗಳಲ್ಲಿ ಇದಕ್ಕೆಂದೇ, ವಿದ್ಯುತ್ ಕಡಿದರೆ ತಾನೂ ಕಡಿದುಕೊಂಡು, ಮತ್ತೆ ಒತ್ತುವವರೆಗೆ ಹೊರಡದ ಸ್ವಿಚ್ಚನ್ನು ಅಳವಡಿಸುವುದುಂಟು. ಒತ್ತಿ ಹಿಡಿಯುವ ಗುಂಡಿಯಲ್ಲಿ ಆ ಗುಣ ಸಹಜವಾಗಿಯೇ ಬಂದುಬಿಟ್ಟಿದೆ.

ಆದರೆ ನಮ್ಮ ಮನೆಯ ಕೋಲಿನಲ್ಲಿದ್ದುದೂ ಒತ್ತಿ ಹಿಡಿಯುವ ಗುಂಡಿಯೇ! ಅದು ಬಿಟ್ಟ ಬೆರಳನ್ನು ಗುರುತಿಸುತ್ತದೆ. ಬೇಕೆಂದು ಒತ್ತಿದ ಬೆರಳಿಗೂ ಬೆಚ್ಚಿ ಒತ್ತಿದ ಬೆರಳಿಗೂ ಭೇದವೆಣಿಸಲಾರದು. ರೈಲು ನಡೆಸುವವರ ಕೈಯಲ್ಲಿ ಇದೇ ಜಾತಿಯ ಸಾಧನವೊಂದಿದೆ. ಇಂಗ್ಲಿಷಿನವರು ಅದನ್ನು ಡೆಡ್ ಮ್ಯಾನ್ಸ್ ಹ್ಯಾಂಡಲ್, ಸತ್ತವನ ಹಿಡಿ, ಎಂದು ಕರೆದರು. ಚಾಲಕ ಪ್ರಜ್ಞೆ ತಪ್ಪಿದರೆ ಹಿಡಿ ಸಡಿಲಿ ರೈಲು ನಿಲ್ಲಬೇಕೆಂಬುದು ಅದರ ಆಶಯ. ಕೆಲವು ರೈಲುಗಳಲ್ಲಿ ಹಿಡಿಯ ಬದಲು ಕಾಲಿನಿಂದ ಒತ್ತುವ ಪೆಡಲಿರುತ್ತದೆ. 2003ರ ಜನವರಿ 31ರಂದು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸಿನ ವಾಟರ್‌ಫಾಲ್ ಎಂಬಲ್ಲಿ ಚಾಲಕನಿಗೆ ಹೃದಯಾಘಾತವಾಯಿತು. ನಿಶ್ಚೇಷ್ಟಿತವಾದ ಕಾಲುಗಳ ಭಾರವೇ ಪೆಡಲನ್ನು ಒತ್ತಿಕೊಂಡಿತು. ರೈಲು ನಿಲ್ಲದೆ ಓಡಿ ಹಳಿತಪ್ಪಿತು, ಏಳು ಜನ ತೀರಿಕೊಂಡರು. ತೂಕವನ್ನು ಇಚ್ಛೆಯೆಂದು ಭಾವಿಸುವ ಸಾಧನದ ಮಿತಿ ಇದು. ಅಡುಗೆಮನೆಯಲ್ಲಿ ಅದೇ ಮಿತಿ ಚಿಕ್ಕ ಪ್ರಮಾಣದಲ್ಲಿ ಕಾಣಿಸಿಕೊಳ್ಳುತ್ತದೆ.

ಈ ಮಿತಿಯನ್ನು ದಾಟಲು ಒಂದು ಉಪಾಯ ಗುಂಡಿಯನ್ನು ತಗ್ಗಿನಲ್ಲಿಡುವುದು. ಕನ್ನಡದಲ್ಲಿ ‘ಗುಂಡಿ’ ಎಂದರೆ ಒತ್ತುವುದೂ ಹೌದು, ಹಳ್ಳವೂ ಹೌದು. ಗುಂಡಿಯೊಳಗಿನ ಗುಂಡಿ ಕ್ಷೇಮಕರ ಎಂದರೆ ನನ್ನ ಹಳೆಯ ವಿದ್ಯಾರ್ಥಿಗಳು ಶ್ಲೇಷೆಯೆಂದು ನಕ್ಕಾರು, ಆದರೆ ಅದು ಅಕ್ಷರಶಃ ನಿಜ. ಸುತ್ತ ಅಂಚು ಎದ್ದು ಗುಂಡಿ ಒಳಸರಿದಿದ್ದರೆ ಚಪ್ಪಟೆಯಾದ ಅಂಗೈ, ಮೇಜಿನ ಹಲಗೆ, ಉರುಳಿ ಬಂದ ಪಾತ್ರೆ ಅದನ್ನು ತಲುಪಲಾರವು. ಬೆರಳ ತುದಿ ಮಾತ್ರ ತಲುಪೀತು.

ಇನ್ನೂ ಗಟ್ಟಿಯಾದದ್ದು ಎರಡು ಹೆಜ್ಜೆಯ ಗುಂಡಿ. ಓಡಿಸುವ ಗುಂಡಿಯ ಕೆಳಗೆ ಸಣ್ಣದೊಂದು ನಾಲಿಗೆ ಅಡ್ಡಲಾಗಿ ನಿಂತಿರುತ್ತದೆ. ಬಾಗಿಲಿನ ಅಗುಳಿಯನ್ನು ಕಲ್ಪಿಸಿಕೊಳ್ಳಿ. ಅಗುಳಿ ಸರಿಯದೆ ಬಾಗಿಲನ್ನು ಎಷ್ಟು ನೂಕಿದರೂ ವ್ಯರ್ಥ. ಹಾಗೆಯೇ ಪಕ್ಕದ ಅಥವಾ ಮೇಲಿನ ಇನ್ನೊಂದು ಗುಂಡಿಯನ್ನು ಒತ್ತಿದಾಗ ಮಾತ್ರ ಆ ನಾಲಿಗೆ ಸರಿದು ದಾರಿ ಬಿಡುತ್ತದೆ. ವಿದ್ಯುತ್ ಚಾಕುಗಳಲ್ಲಿಯೂ ತೋಟದ ಬೇಲಿ ಕತ್ತರಿಸುವ ಯಂತ್ರಗಳಲ್ಲಿಯೂ ಇಂಥ ಅಗುಳಿಗಳಿವೆ. ಇದರ ಮರ್ಮ ಇರುವುದು ಎರಡು ವಿವರಗಳಲ್ಲಿ. ಅಗುಳಿ ಪ್ರತಿಸಲವೂ ತಾನಾಗಿ ಹಿಂದಿರುಗಬೇಕು; ಒಮ್ಮೆ ಸರಿಸಿದ ಮೇಲೆ ದಿನವಿಡೀ ಸರಿದೇ ಇರುವ ಅಗುಳಿ ಅಲಂಕಾರ ಮಾತ್ರ. ಎರಡನೆಯದಾಗಿ, ಎರಡು ಗುಂಡಿಗಳೂ ಒಂದೇ ಮುಷ್ಟಿಯ ಒಂದೇ ಅಮುಕಿಗೆ ಸಿಕ್ಕಬಾರದು. ಬೆಚ್ಚಿದ ಕೈಗೆ ಗೊತ್ತಿರುವುದು ಮುಚ್ಚಿಕೊಳ್ಳುವುದೊಂದೇ. ಹೆಬ್ಬೆರಳು ಒಂದು ದಿಕ್ಕಿಗೆ ಸರಿಸಿ ತೋರುಬೆರಳು ಇನ್ನೊಂದು ದಿಕ್ಕಿಗೆ ಒತ್ತಬೇಕೆಂದಾಗ, ಅದು ಮನಸ್ಸಿನ ಅಪ್ಪಣೆಯಿಲ್ಲದೆ ಆಗುವ ಕೆಲಸವಲ್ಲ. ಕಾರ್ಖಾನೆಗಳಲ್ಲಿ ತಗಡು ಒತ್ತುವ ಯಂತ್ರಗಳಿಗೆ ದೂರದೂರದಲ್ಲಿ ಎರಡು ಗುಂಡಿಗಳನ್ನಿಟ್ಟು, ಎರಡು ಕೈಗಳಿಂದಲೂ ಒಟ್ಟಿಗೆ ಒತ್ತಿದರೆ ಮಾತ್ರ ಯಂತ್ರ ಬಡಿಯುವಂತೆ ಮಾಡುತ್ತಾರೆ. ಅದನ್ನು ತಿಳಿದಾಗ ನನ್ನ ಕಣ್ಣಮುಂದೆ ಬಂದು ನಿಂತವನು ಉಡುಪಿಯ ಕೃಷ್ಣ.

ತಂತಿಯಿಲ್ಲದ, ಬ್ಯಾಟರಿಯ ಹ್ಯಾಂಡ್ ಬ್ಲೆಂಡರುಗಳ ವಿಷಯದಲ್ಲಿ ಈ ಅಗುಳಿ ಅನಿವಾರ್ಯವೇ ಆಗಿದೆ. ಪ್ಲಗ್ಗು ಕೀಳಬೇಕೆಂಬ ನನ್ನ ಉಪದೇಶಕ್ಕೆ ಅಲ್ಲಿ ಅರ್ಥವೇ ಇಲ್ಲ, ಏಕೆಂದರೆ ಪ್ಲಗ್ಗೇ ಇಲ್ಲ; ಡ್ರಾಯರಿನಲ್ಲಿ ಮಲಗಿದ್ದಾಗಲೂ ಅದು ಸಿದ್ಧವಾಗಿಯೇ ಇರುತ್ತದೆ. ಅಂಥವುಗಳಲ್ಲಿ ಹಲವು, ಬೀಗ ತೆಗೆದು ಕೆಲವು ಸೆಕೆಂಡುಗಳೊಳಗೆ ಓಡಿಸದಿದ್ದರೆ ಮತ್ತೆ ತಾವೇ ಬೀಗ ಹಾಕಿಕೊಳ್ಳುತ್ತವೆ. ಶುಚಿಮಾಡುವ ಮೊದಲು ಬ್ಯಾಟರಿಯನ್ನು ಬೇರ್ಪಡಿಸಲು ಬಂದರೆ ಲೇಸು.

ಇನ್ನೊಂದು ಬಗೆಯನ್ನು ಕುರಿತು ಎರಡು ಮಾತು. ಅಲಗಿರುವ ಕಾಂಡವನ್ನು ಮೋಟಾರಿನ ಹಿಡಿಯಿಂದ ಬಿಡಿಸಲು ಬರುವ ಮಾದರಿಗಳಿವೆ. ಬಿಡಿಸಿದ ಮೇಲೆ ಗುಂಡಿಯನ್ನು ಎಷ್ಟು ಒತ್ತಿದರೂ ಅಲಗಿಗೆ ಸುದ್ದಿ ಮುಟ್ಟುವುದಿಲ್ಲ. ನನ್ನ ಬುದ್ಧಿಗೆ ತೋರುವಂತೆ ಇದೇ ಎಲ್ಲಕ್ಕಿಂತ ಪ್ರಾಮಾಣಿಕವಾದ ರಕ್ಷಣೆ, ಬಳಸಿದರೆ.

ಬಳಸಿದರೆ ಎಂದೆ. ನೆಂಟರ ಮನೆಯ ಉಪನಯನದಲ್ಲಿ ಅಡುಗೆಯವರೊಬ್ಬರು ಇಂಥದೇ ದೊಡ್ಡ ಕೋಲಿನ ಗುಂಡಿಗೆ ಬಟ್ಟೆಯ ಪಟ್ಟಿ ಬಿಗಿದು ಕಟ್ಟಿದ್ದನ್ನು ಕಂಡೆ. “ಬೆರಳು ನೋಯುತ್ತದೆ ಸ್ವಾಮಿ, ಐವತ್ತು ಜನರ ಸೂಪು ಇದು” ಎಂದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಒತ್ತಲು ಕಷ್ಟವಾದ ಗುಂಡಿಯನ್ನು ಮನುಷ್ಯ ಕಟ್ಟಿಹಾಕಿಯೇ ತೀರುತ್ತಾನೆ. ಮಾಡುವವರು ಅದನ್ನೂ ಎಣಿಸಿಯೇ ಸ್ಪ್ರಿಂಗನ್ನು ಆರಿಸಬೇಕು. ಮನೆಬಳಕೆಯ ಮಾದರಿಗಳಲ್ಲಿ ಎಷ್ಟೋ ಒಂದೇ ಸಮನೆ ಒಂದು ನಿಮಿಷಕ್ಕಿಂತ ಹೆಚ್ಚು ಓಡಬಾರದೆಂದು ಅವುಗಳ ಸೂಚನಾಪತ್ರದಲ್ಲೇ ಬರೆದಿರುತ್ತದೆಂಬುದು ಬೇರೆ ಮಾತು. ಬೆರಳಿಗೆ ದಣಿವಾಗುವ ಹೊತ್ತಿಗೆ ಮೋಟಾರಿಗೂ ಆಗಿರುತ್ತದೆ.

ಗೃಹಬಳಕೆಯ ವಿದ್ಯುತ್ ಉಪಕರಣಗಳ ಸುರಕ್ಷತೆಗೆಂದು ನಮ್ಮಲ್ಲಿ ಐಎಸ್ 302 ಎಂಬ ಮಾನಕವಿದೆ. ಅಂತರರಾಷ್ಟ್ರೀಯವಾಗಿ ಐಇಸಿ 60335 ಎಂಬ ಶ್ರೇಣಿಯಲ್ಲಿ 2-14ನೆಯ ಭಾಗವನ್ನು ಅಡುಗೆಮನೆಯ ಯಂತ್ರಗಳಿಗೆಂದೇ ಮೀಸಲಿಟ್ಟಿದ್ದಾರೆ. ಮುದ್ರೆಯನ್ನು ನೋಡಿಯೇ ಕೊಳ್ಳಬೇಕು, ಸರಿ. ಅದರ ಮೇಲೆ ಕೈಯಿಂದಲೂ ಪರೀಕ್ಷೆ ಮಾಡಬೇಕು.

ನಾವು ಹೊಸದನ್ನು ಕೊಳ್ಳಲು ಹೋದಾಗ ಅಂಗಡಿಯ ಹುಡುಗ ವ್ಯಾಟುಗಳನ್ನೂ ಬಣ್ಣಗಳನ್ನೂ ಬಣ್ಣಿಸುತ್ತಿದ್ದ. ನನ್ನ ಹೆಂಡತಿ ಪ್ಲಗ್ಗು ಹಾಕಿಸದೆ ಒಂದೊಂದನ್ನೇ ತೆಗೆದುಕೊಂಡು, ತಲೆಕೆಳಗಾಗಿ ಹಿಡಿದು, ಕಣ್ಣುಮುಚ್ಚಿ ಮುಷ್ಟಿಯನ್ನು ಒಮ್ಮೆಲೇ ಬಿಗಿದಳು. ಗುಂಡಿ ಟಕ್ಕೆಂದದ್ದನ್ನೆಲ್ಲ ಪಕ್ಕಕ್ಕಿಟ್ಟಳು. ಅನಂತರ ಎಡಗೈಯಲ್ಲಿಯೂ ಹಾಗೆಯೇ. ಉಳಿದವನ್ನು ಮೇಜಿನ ಮೇಲೆ ಬೋರಲು ಮಲಗಿಸಿ ಒತ್ತಿ ನೋಡಿದಳು. ಅಗುಳಿ ಸರಿಸಿ ಬಿಟ್ಟು, ಅದು ಹಿಂದಕ್ಕೆ ಬಂತೇ ಎಂದು ನೋಡಿದಳು. ಹುಡುಗ ನನ್ನ ಮುಖವನ್ನು ನೋಡಿದ. ನಾನು ಗೋಡೆಯ ಕಡೆ ತಿರುಗಿದೆ. ಕೊನೆಗೆ ಉಳಿದವು ಎರಡು. ಅವುಗಳಲ್ಲಿ ಕಾಂಡ ಬಿಡಿಸಲು ಬರುವುದನ್ನು ತಂದೆವು.

ಈಗಲೂ ಸೀಕರಣೆಯ ಮಾವು ನಾರಿನದೇ. ನಾರು ಸುತ್ತಿಕೊಂಡಾಗ ಆಕೆ ಪ್ಲಗ್ಗು ಕೀಳುತ್ತಾಳೆ, ಕಾಂಡವನ್ನು ಬಿಡಿಸುತ್ತಾಳೆ, ಮೋಟಾರಿನ ಹಿಡಿಯನ್ನು ನನ್ನ ಕೈಗೆ ಕೊಟ್ಟು, ಅಲಗನ್ನು ನಲ್ಲಿಯ ಕೆಳಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಾಳೆ. ಇಷ್ಟೆಲ್ಲ ಆದ ಮೇಲೆ ಹಿಡಿಯನ್ನು ಕೆಳಗಿಟ್ಟರೂ ಆಗುತ್ತದಲ್ಲ, ನನ್ನ ಕೈಗೇಕೆ ಎಂದು ಒಮ್ಮೆ ಕೇಳಿದೆ.

“ನಿಮ್ಮ ಎರಡು ಕೈಯೂ ಬಿಡುವಾಗಿದೆಯಲ್ಲ” ಎಂದಳು.